ಪವಿತ್ರತೆ ಇರುವುದು ನೀರಿನಲ್ಲೋ, ನಡೆಯಲ್ಲೋ?



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕುಗಳ ಭಕ್ತರ ನಡುವೆ ಸಂಚರಿಸುವಾಗ ಕ್ರೈಸ್ತರ ಬಗೆಗೆ ಎರಡು ಮಾತುಗಳು ನಮ್ಮ ಕಿವಿಗೆ ಬೀಳುತ್ತಿವೆ. ಮೊದಲನೆಯದು ಊರ ಕಟ್ಟೆಯ ಮೇಲಿನ ಮಾತು. 'ಅವರ ಪವಿತ್ರತೆಯೆಂದರೆ ತಲೆಯ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿಕೊಳ್ಳುವುದು, ಅಷ್ಟೇ. ಶುದ್ಧಾಚಾರವೆಂಬುದು ಅವರಿಗೆ ತಿಳಿಯದು' ಎನ್ನುವವರು ಈ ಗುಂಪಿನವರು. ಎರಡನೆಯದು ಪಟ್ಟಣದಲ್ಲಿ ಓದಿ ಬಂದ ಕೆಲವರ ಮಾತು. 'ಹಿಂದಿನ ಮಿಷನರಿಗಳು ಬರೆದದ್ದೇ ನಿಜ. ನಮ್ಮ ದೇಶದಲ್ಲಿ ಶುದ್ಧಿಯೆಂದರೆ ಬರಿಯ ಸ್ನಾನ, ಮಡಿ, ಮೈಲಿಗೆ. ನಡತೆಯನ್ನೇ ಪವಿತ್ರತೆಯೆಂದು ಕಲಿಸಿದವರು ಕ್ರೈಸ್ತರು' ಎನ್ನುವವರು ಇವರು.

ಎರಡೂ ಮಾತುಗಳು ಸುಳ್ಳು. ಮೊದಲನೆಯವರು ಅನ್ಯರ ಗ್ರಂಥವನ್ನು ಓದಿಲ್ಲ, ಎರಡನೆಯವರು ಸ್ವಂತ ಶರಣರನ್ನು ಓದಿಲ್ಲ. ಇದು ಪಂಡಿತರ ಒಣಚರ್ಚೆಯೆಂದು ತಳ್ಳಿಹಾಕಬೇಡಿ. ಪವಿತ್ರತೆ ಎಲ್ಲಿದೆ ಎಂಬ ಪ್ರಶ್ನೆಗೆ ನೀವು ಕೊಡುವ ಉತ್ತರದ ಮೇಲೆ ನಿಮ್ಮ ಮನೆಯ ಜಗಲಿಯಲ್ಲಿ ಯಾರು ಕುಳಿತುಕೊಳ್ಳಬಹುದು, ನಿಮ್ಮ ತೋಟದ ಆಳಿಗೆ ಕೂಲಿ ಎಂದು ಸೇರುತ್ತದೆ, ನಿಮ್ಮ ತಕ್ಕಡಿ ಯಾರ ಕಡೆಗೆ ಬಾಗುತ್ತದೆ ಎಂಬುದೆಲ್ಲ ನಿಂತಿದೆ.

ಮೊದಲು ಪದಗಳನ್ನು ನೋಡೋಣ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಆತನ ಸಂಗಡಿಗರು 1831ರ ಹೊತ್ತಿಗೆ ಬೈಬಲನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದರು. ಕನ್ನಡ ಬೈಬಲಿನಲ್ಲಿ ಈ ಭಾವಕ್ಕೆ ನೆಲೆಗೊಂಡ ಪದಗಳು 'ಪರಿಶುದ್ಧ' ಮತ್ತು 'ಪವಿತ್ರ'. ಮೂಲ ಹೀಬ್ರೂ ಭಾಷೆಯಲ್ಲಿ ಇದ್ದ ಪದ 'ಕಾದೋಶ್'. 'ಸಾಮಾನ್ಯ ಬಳಕೆಯಿಂದ ಬೇರ್ಪಡಿಸಿ ದೇವರಿಗೆಂದು ಮೀಸಲಿಟ್ಟದ್ದು' ಎಂಬುದು ಅದಕ್ಕೆ ವಿದ್ವಾಂಸರು ಸಾಮಾನ್ಯವಾಗಿ ಹೇಳುವ ಅರ್ಥ. ನಮ್ಮ 'ಪವಿತ್ರ' ಶಬ್ದದ ಮೂಲವೇ ಬೇರೆ. 'ಪೂ' ಎಂಬ ಧಾತುವಿನಿಂದ ಹುಟ್ಟಿ, ಶುದ್ಧಗೊಳಿಸುವ ಸಾಧನ ಎಂಬ ಅರ್ಥವನ್ನು ಹೊತ್ತ ಪದವದು. ವೈದಿಕರು ಕರ್ಮಕಾಲದಲ್ಲಿ ಬೆರಳಿಗೆ ತೊಡುವ ದರ್ಭೆಯ ಉಂಗುರಕ್ಕೂ ಪವಿತ್ರವೆಂದೇ ಹೆಸರು. ಇಂಗ್ಲಿಷಿನಲ್ಲಿ ಈ ಅರ್ಥಕ್ಕೆ ಬಳಸುವ ಪದವು 'ಇಡಿಯಾದದ್ದು', 'ಆರೋಗ್ಯ' ಎಂಬ ಪದಗಳೊಡನೆ ಬೇರಿನ ನಂಟುಳ್ಳದ್ದು. ಹೀಗೆ ಒಂದು ಭಾಷೆ ಮೀಸಲೆಂದಿತು, ಇನ್ನೊಂದು ತೊಳೆಯುವುದೆಂದಿತು, ಮತ್ತೊಂದು ಅಖಂಡವೆಂದಿತು.

ಅಚ್ಚಕನ್ನಡದಲ್ಲಿ ನಮಗಿರುವ ಪದ 'ಮಡಿ'. ಮಡಿಯೆಂದರೆ ಒಗೆದ ಬಟ್ಟೆ. ಆ ಬಟ್ಟೆಯನ್ನು ಒಗೆದು ಕೊಡುವವನು ಮಡಿವಾಳ. ಇಲ್ಲಿಯೇ ನಮ್ಮ ಸಮಾಜದ ನಾಚಿಕೆಗೇಡು ಬಯಲಾಗುತ್ತದೆ. ಯಾರ ಕೈಯಿಂದ ಬಟ್ಟೆ ಮಡಿಯಾಯಿತೋ ಅವನನ್ನೇ ಮಡಿಯುಟ್ಟವನು ಹೊಸ್ತಿಲಾಚೆ ನಿಲ್ಲಿಸಿದ. ಶುದ್ಧಿಯನ್ನು ಉಂಟುಮಾಡುವವನು ಅಶುದ್ಧ, ಅದನ್ನು ಉಟ್ಟು ಮೆರೆಯುವವನು ಶುದ್ಧ! ಮಡಿವಾಳ ಮಾಚಿದೇವರನ್ನು ಶರಣಸಮೂಹವು ಪೂಜ್ಯಸ್ಥಾನದಲ್ಲಿ ಇರಿಸಿತೆಂದರೆ ಈ ತಲೆಕೆಳಗಾದ ತರ್ಕವನ್ನು ನೇರವಾಗಿ ನಿಲ್ಲಿಸುವುದಕ್ಕಾಗಿಯೇ.

ಇನ್ನು ಕ್ರೈಸ್ತರ ಗ್ರಂಥಕ್ಕೆ ಬರೋಣ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ 'ಯಾಜಕಕಾಂಡ' ಎಂಬ ಪುಸ್ತಕವಿದೆ. ಅದರ 11ರಿಂದ 15ನೆಯ ಅಧ್ಯಾಯಗಳನ್ನು ಓದಿದವರಿಗೆ ನಮ್ಮ ಊರಿನ ಮೈಲಿಗೆಯ ಪಟ್ಟಿಯನ್ನೇ ಓದಿದಂತಾಗುತ್ತದೆ. ತಿನ್ನಬಾರದ ಪ್ರಾಣಿಗಳು, ಹೆರಿಗೆಯ ಅಶೌಚ, ಚರ್ಮರೋಗದವನನ್ನು ಪಾಳೆಯದ ಹೊರಗಿಡುವುದು, ಮುಟ್ಟಾದ ಹೆಂಗಸು ಕುಳಿತ ಜಾಗವೂ ಅಶುದ್ಧವೆಂಬುದು, ಎಲ್ಲವೂ ಅಲ್ಲಿವೆ. ಆದುದರಿಂದ ಮೈಲಿಗೆಯೆಂಬುದು ಭಾರತ ದೇಶಕ್ಕೆ ಮಾತ್ರ ಅಂಟಿದ ರೋಗವೆಂಬ ಮಾತು ನಿಲ್ಲುವುದಿಲ್ಲ.

ಆದರೆ ಅದೇ ಪುಸ್ತಕದ 19ನೆಯ ಅಧ್ಯಾಯವನ್ನು ನಮ್ಮ ಮೊದಲನೆಯ ಗುಂಪಿನವರು ಓದಬೇಕು. ದೇವರು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು ಎಂಬ ಆಜ್ಞೆಯಿಂದ ಅದು ತೊಡಗುತ್ತದೆ. ಆಮೇಲೆ ಏನು ಬರುತ್ತದೆ? ಅಲ್ಲಿಯೂ ವಿಧಿನಿಷೇಧಗಳು ಹಲವಿವೆ, ಆದರೆ ಅವುಗಳ ನಡುವೆ ಎದ್ದು ನಿಲ್ಲುವ ಮಾತುಗಳು ಇವು. ಹೊಲವನ್ನು ಅಂಚಿನವರೆಗೂ ಕೊಯ್ಯಬಾರದು, ಹಕ್ಕಲು ಆಯಬಾರದು, ಅದು ಬಡವನಿಗೂ ಪರದೇಶಿಗೂ ಸೇರಿದ್ದು. ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ನಿಮ್ಮಲ್ಲಿ ಇಟ್ಟುಕೊಳ್ಳಬಾರದು. ಕಿವುಡನನ್ನು ಬಯ್ಯಬಾರದು, ಕುರುಡನ ಹಾದಿಗೆ ಎಡರು ಇಡಬಾರದು. ನ್ಯಾಯ ಹೇಳುವಾಗ ಬಡವನ ಮೋರೆಯನ್ನೂ ನೋಡಬಾರದು, ಧನಿಕನ ಮೋರೆಯನ್ನೂ ನೋಡಬಾರದು. ಚಾಡಿ ಹೇಳುತ್ತ ತಿರುಗಬಾರದು. ನೆರೆಯವನನ್ನು ನಿಮ್ಮಂತೆಯೇ ಪ್ರೀತಿಸಬೇಕು, ನಿಮ್ಮಲ್ಲಿ ನೆಲಸಿದ ಪರದೇಶಿಯನ್ನೂ ಹಾಗೆಯೇ ಪ್ರೀತಿಸಬೇಕು. ತಕ್ಕಡಿ, ತೂಕದ ಕಲ್ಲು, ಅಳತೆಯ ಕೊಳಗ ನ್ಯಾಯವಾಗಿರಬೇಕು. ದೇವರ ಪರಿಶುದ್ಧತೆ ಮನುಷ್ಯರ ನಡುವೆ ಇಳಿದು ಬಂದಾಗ ಅದು ಹೊಲದ ಅಂಚು, ಕೂಲಿಯವನ ಸಂಜೆ, ಅಂಗಡಿಯ ತಕ್ಕಡಿಗಳ ರೂಪವನ್ನೂ ತಾಳುತ್ತದೆ ಎಂಬುದು ಆ ಅಧ್ಯಾಯದ ಅಭಿಪ್ರಾಯ. ಇದನ್ನು ನಾಲ್ಕು ಹನಿ ನೀರು ಎನ್ನುವವರು ತಮ್ಮ ಅಜ್ಞಾನವನ್ನೇ ಪ್ರದರ್ಶಿಸುತ್ತಾರೆ.

ಹಕ್ಕಲು ಎಂಬ ಮಾತು ಬಂದಾಗ ನಿಮಗೆ ಯಾರ ನೆನಪಾಗಬೇಕು? ಆಯ್ದಕ್ಕಿ ಮಾರಯ್ಯ, ಆಯ್ದಕ್ಕಿ ಲಕ್ಕಮ್ಮ ದಂಪತಿಗಳದು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಅವರ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಪ್ಪದೆ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಕಳುಹಿಸಿದರು. ಯಾಜಕಕಾಂಡ ಹೊಲದ ಒಡೆಯನಿಗೆ 'ಬಡವನಿಗಾಗಿ ಬಿಡು' ಎಂದಿತು. ಲಕ್ಕಮ್ಮನವರು ಬಡತನದಲ್ಲಿಯೇ ನಿಂತು 'ಬೇಕಾದಷ್ಟಕ್ಕಿಂತ ಹೆಚ್ಚು ಮುಟ್ಟಬೇಡ' ಎಂದರು. ಒಂದು ಧರ್ಮ ಉಳ್ಳವನ ಕೈಯನ್ನು ತಡೆಯಿತು, ಇನ್ನೊಂದು ಇಲ್ಲದವಳ ಕೈಯನ್ನೇ ಪವಿತ್ರ ಮಾಡಿತು. ನಡತೆಯ ಪವಿತ್ರತೆಯನ್ನು ಮಿಷನರಿಗಳು ಹಡಗಿನಲ್ಲಿ ಹೊತ್ತು ತಂದರೆನ್ನುವ ಎರಡನೆಯ ಗುಂಪಿನವರಿಗೆ ಹನ್ನೆರಡನೆಯ ಶತಮಾನದ ಈ ತಾಯಿಯೇ ಉತ್ತರ.

ಯೇಸುವಿನ ಜೀವನ ಮೈಲಿಗೆಯ ಪಟ್ಟಿಯನ್ನು ಇನ್ನಷ್ಟು ಸಡಿಲಿಸಿತು. ಹನ್ನೆರಡು ವರುಷ ರಕ್ತಸ್ರಾವದಿಂದ ಬಳಲಿದ ಹೆಂಗಸು ಜನಸಂದಣಿಯಲ್ಲಿ ಆತನ ಬಟ್ಟೆಯನ್ನು ಮುಟ್ಟಿದಳು. ಆತ ಅದನ್ನು ಮೈಲಿಗೆಯೆನ್ನದೆ ಅವಳನ್ನು ಮಗಳೇ ಎಂದು ಕರೆದ. ಕುಷ್ಠರೋಗಿಯನ್ನು ಕೈಯಿಂದ ಮುಟ್ಟಿದ. ಸುಂಕದವರ ಪಂಕ್ತಿಯಲ್ಲಿ ಉಂಡ. ಹೊರಗಿನಿಂದ ಒಳಗೆ ಹೋಗುವ ಆಹಾರ ಮನುಷ್ಯನನ್ನು ಕೆಡಿಸುವುದಿಲ್ಲ, ಒಳಗಿನಿಂದ ಹೊರಗೆ ಬರುವ ಕೆಟ್ಟ ಆಲೋಚನೆ, ಕಳವು, ಮೋಸ, ಹೊಟ್ಟೆಕಿಚ್ಚುಗಳೇ ಕೆಡಿಸುತ್ತವೆ ಎಂದು ಬೋಧಿಸಿದ. ಆತ ಹೇಳಿದ ಸಮಾರ್ಯದವನ ಕಥೆಯಲ್ಲಿ ಕಳ್ಳರಿಂದ ಹೊಡೆತ ತಿಂದು ಬಿದ್ದವನನ್ನು ಕಂಡು ಯಾಜಕನು ಬದಿಗೆ ಸರಿದು ಹೋಗುತ್ತಾನೆ, ದೇವಾಲಯದ ಸೇವಕನೂ ಹಾಗೆಯೇ ಹೋಗುತ್ತಾನೆ. ಹೆಣ ಮುಟ್ಟಿದರೆ ಅಶುದ್ಧನಾದೇನೆಂಬ ಭಯ ಅವರಿಗಿತ್ತೆಂದು ಹಲವರು ವ್ಯಾಖ್ಯಾನಿಸಿದ್ದಾರೆ. ಗಾಯಕ್ಕೆ ಎಣ್ಣೆ ಹೊಯ್ದವನು ಹೊರಗಿನವನೆಂದು ತಿರಸ್ಕೃತನಾದ ಸಮಾರ್ಯದವನು. ಮಡಿಯನ್ನು ಉಳಿಸಿಕೊಂಡವರು ಧರ್ಮವನ್ನು ಕಳೆದುಕೊಂಡರು.

ನಮ್ಮ ಪೀಠಾಧಿಪತಿಗಳೂ ಚಿಂತಿಸಬೇಕಾದ ಇನ್ನೊಂದು ಪ್ರಸಂಗವಿದೆ. ಕೊನೆಯ ರಾತ್ರಿಯ ಊಟದಲ್ಲಿ ಯೇಸು ತಾನೇ ಟವೆಲು ಕಟ್ಟಿಕೊಂಡು ಶಿಷ್ಯರ ಪಾದಗಳನ್ನು ತೊಳೆದ. ಕೆಥೊಲಿಕ್ ಚರ್ಚುಗಳಲ್ಲಿ ಈಸ್ಟರಿಗೆ ಮುಂಚಿನ ಗುರುವಾರ ಪಾದ್ರಿಗಳು ಅದನ್ನು ಇಂದಿಗೂ ಆಚರಿಸುತ್ತಾರೆ. ನಮ್ಮಲ್ಲಿ ಶಿಷ್ಯನು ಗುರುವಿನ ಪಾದೋದಕವನ್ನು ಸ್ವೀಕರಿಸುತ್ತಾನೆ. ಎರಡರ ತತ್ತ್ವ ಬೇರೆಯಾದುದರಿಂದ ಒಂದನ್ನು ಮತ್ತೊಂದರಿಂದ ಅಳೆಯಲಾಗದು. ಆದರೆ ಪಂಚಾಚಾರಗಳಲ್ಲಿ ಭೃತ್ಯಾಚಾರವೂ ಒಂದೆಂಬುದನ್ನು ಕಾವಿ ತೊಟ್ಟ ನಾವು ಮರೆತರೆ ಆ ಪಾದೋದಕ ಬರಿಯ ನೀರಾಗಿ ಉಳಿಯುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಕ್ರೈಸ್ತ ಸಮಾಜವು ತನ್ನ ಗ್ರಂಥದಂತೆಯೇ ನಡೆಯಿತೆಂದು ತಿಳಿಯಬೇಡಿ. ಸಂತ ಪೌಲನು ತನ್ನ ಪತ್ರಗಳಲ್ಲಿ ಸಾಮಾನ್ಯ ವಿಶ್ವಾಸಿಗಳನ್ನೇ ಪರಿಶುದ್ಧರೆಂದು ಸಂಬೋಧಿಸಿದ್ದಾನೆ. ಮುಂದೆ ಶತಮಾನಗಳು ಉರುಳಿದಂತೆ ಪವಿತ್ರತೆ ಸನ್ಯಾಸಿಗಳ, ಘೋಷಿತ ಸಂತರ ಸೊತ್ತಾಯಿತು. 1517ರಲ್ಲಿ ಆರಂಭವಾದ ಲೂಥರನ ಚಳವಳಿಯು ರೈತ, ಚಮ್ಮಾರ, ಗೃಹಿಣಿಯರ ಕೆಲಸವೂ ದೇವರ ಕರೆಯೇ ಎಂದು ಸಾರಬೇಕಾಯಿತು. ಇಂಗ್ಲೆಂಡಿನ ಜಾನ್ ವೆಸ್ಲಿ ಸಮಾಜದಿಂದ ದೂರ ನಿಂತ ಪವಿತ್ರತೆಯನ್ನು ಒಪ್ಪಲಿಲ್ಲ. 1774ರಲ್ಲಿ ಗುಲಾಮಗಿರಿಯ ವಿರುದ್ಧ ಪುಸ್ತಕ ಬರೆದ ಆತ 1791ರಲ್ಲಿ ಸಾಯುವ ಕೆಲವೇ ದಿನಗಳ ಮುಂಚೆ ವಿಲ್ಬರ್‌ಫೋರ್ಸನಿಗೆ ಅದೇ ವಿಷಯವಾಗಿ ಪತ್ರ ಬರೆದ. ಅವನ ಪಂಥದವರೇ ನಮ್ಮ ಮೈಸೂರು ಸಂಸ್ಥಾನದಲ್ಲಿ ಶಾಲೆ, ಮುದ್ರಣಾಲಯಗಳನ್ನು ತೆರೆದು, 1887ರಲ್ಲಿ ಮೈಸೂರಿನಿಂದ 'ವೃತ್ತಾಂತ ಪತ್ರಿಕೆ'ಯನ್ನು ಹೊರಡಿಸಿದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ನೇಯ್ಗೆಯ ಕೆಲಸವನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿ, ದುಡಿಮೆಯನ್ನು ಭಕ್ತಿಯ ಶಿಸ್ತಿಗೆ ಒಳಪಡಿಸಿದರು. ಅದೇ ಸಂಸ್ಥೆಯ ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಪ್ರಕಟವಾದ ಕನ್ನಡ ನಿಘಂಟಿಗಾಗಿ ಬದುಕನ್ನೇ ಸವೆಸಿದರು. ಆ ಋಣವನ್ನು ಕನ್ನಡಿಗರು ಮರೆಯಲಾಗದು.

ಆದರೂ ಜಾತಿಯ ಪಿಶಾಚಿ ಅವರ ಇಗರ್ಜಿಯ ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೆ ಹೋಯಿತು. ದಕ್ಷಿಣ ಭಾರತದ ಕೆಲವೆಡೆ ದಲಿತ ಕ್ರೈಸ್ತರಿಗೆ ಬೇರೆ ಆಸನ, ಬೇರೆ ಸ್ಮಶಾನಗಳಾದವು. ತಿರುವಾಂಕೂರಿನ ದೇವಸಹಾಯಂ 1745ರಲ್ಲಿ ಕ್ರೈಸ್ತನಾಗಿ, ಕೆಳಜಾತಿಯೆನಿಸಿದವರೊಡನೆ ಸಮನಾಗಿ ಬೆರೆತು, 1752ರಲ್ಲಿ ಕೊಲೆಯಾದ. 2022ರ ಮೇ 15ರಂದು ಆತನನ್ನು ಸಂತನೆಂದು ಘೋಷಿಸುವುದಕ್ಕೆ ಮುನ್ನ ಹೆಸರಿನ ಕೊನೆಯಲ್ಲಿದ್ದ ಜಾತಿಸೂಚಕ ಪದವನ್ನು ತೆಗೆಯಬೇಕಾಯಿತು. ಜಾತಿಯನ್ನು ಮೀರಿದವನ ಹೆಸರಿಗೂ ಎರಡೂವರೆ ಶತಮಾನ ಜಾತಿ ಅಂಟಿಕೊಂಡಿತ್ತು!

ಇದನ್ನು ಓದಿ ನಗಬೇಡಿ. ಆ ಕನ್ನಡಿಯಲ್ಲಿ ನಮ್ಮ ಮುಖವೂ ಕಾಣುತ್ತದೆ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಈ ಪಂಚಸೂತಕಗಳು ಲಿಂಗಧಾರಿಗೆ ಇಲ್ಲವೆಂದು ನಮ್ಮ ಧರ್ಮ ಸಾರಿತು. ಆದರೆ ಎಷ್ಟು ಮನೆಗಳಲ್ಲಿ ಮುಟ್ಟಾದ ಮಗಳು ಇಷ್ಟಲಿಂಗವನ್ನು ಮುಟ್ಟಲು ಅಂಜುತ್ತಾಳೆ? ಎಷ್ಟು ಊರುಗಳಲ್ಲಿ ಜಾತ್ರೆಯ ದಾಸೋಹದ ಪಂಕ್ತಿ ಕೇರಿಯವರು ಬಂದೊಡನೆ ಎರಡಾಗುತ್ತದೆ? ನುಲಿಯ ಚಂದಯ್ಯನವರ ಲಿಂಗವು ನೀರಿಗೆ ಬಿದ್ದಾಗಲೂ ಅವರು ಕಾಯಕವನ್ನು ಬಿಡಲಿಲ್ಲವೆಂಬ ಕಥೆಯನ್ನು ಪುರಾಣದಲ್ಲಿ ಕೇಳಿ ತಲೆದೂಗುವವರು ನೀವು. ನಿಮ್ಮಲ್ಲಿ ಎಷ್ಟು ಜನ ಕಾಯಕ ಕೆಟ್ಟರೂ ಪೂಜೆ ಕೆಡಬಾರದೆಂದು ಬದುಕುತ್ತಿದ್ದೀರಿ?

ಈಗ ನಮ್ಮ ನೆಲದ ಮಾತಿಗೆ ಬರೋಣ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ನೀರು ಎಷ್ಟು ಊರುಗಳ ಬಾಯಾರಿಕೆಯನ್ನು ತಣಿಸುತ್ತದೆ! ಕೆರೆ ಕಟ್ಟಿಸಲು ಹೊರಟ ಶಾಂತವ್ವನಿಗೆ ವೇಶ್ಯೆಯರು ತಮ್ಮ ನೆಲವನ್ನು ಬಿಟ್ಟುಕೊಟ್ಟರೆಂದೂ, ಕೆರೆಗೆ ತಮ್ಮ ಹೆಸರಿರಲೆಂಬುದೊಂದೇ ಅವರು ಕೇಳಿದ ಷರತ್ತೆಂದೂ ಐತಿಹ್ಯ ಹೇಳುತ್ತದೆ. ನಾವು ಆ ನೀರಿನಿಂದ ಅಭಿಷೇಕ ಮಾಡುತ್ತೇವೆ, ಆದರೆ ಹೆಸರು ಹೇಳಲು ನಾಚಿ ಶಾಂತಿಸಾಗರವೆನ್ನುತ್ತೇವೆ. ನೆಲ ಕೊಟ್ಟವರ ಹೆಸರು ಮೈಲಿಗೆ, ಅವರು ಕೊಟ್ಟ ನೀರು ತೀರ್ಥ! ಧರ್ಮಿಷ್ಠರೆಂದು ಬೀಗುವವರಿಗಿಂತ ಮುಂಚೆ ಸುಂಕದವರೂ ವೇಶ್ಯೆಯರೂ ದೇವರ ರಾಜ್ಯವನ್ನು ಸೇರುವರೆಂದು ಯೇಸು ಹೇಳಿದ್ದ. ಅದರ ಅರ್ಥವನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ, ಸೂಳೆಕೆರೆಯ ಏರಿಯ ಮೇಲೆ ನಿಂತರೆ ಸಾಕು.

ಅದೇ ನೀರಿನಿಂದ ಬೆಳೆದ ಅಡಿಕೆ ಚನ್ನಗಿರಿಯನ್ನು ಶ್ರೀಮಂತವಾಗಿಸಿತು. ಸುಗ್ಗಿಯಲ್ಲಿ ರಾತ್ರಿಯವರೆಗೂ ಕುಳಿತು ಅಡಿಕೆ ಸುಲಿಯುವ ಹೆಣ್ಣುಮಕ್ಕಳ ಲೆಕ್ಕವನ್ನು ಖೇಣಿದಾರನು ಅದೇ ವಾರ ತೀರಿಸುತ್ತಾನೆಯೇ? ಸರಿಯಾಗಿ ಒಣಗದ ಅಡಿಕೆಯನ್ನು ತೂಕಕ್ಕೆ ಹಾಕುವುದು, ಕೀಳು ಮಾಲಿಗೆ ಬಣ್ಣ ಕೊಟ್ಟು ಮೇಲು ಮಾಲೆನ್ನುವುದು ಭಕ್ತನ ಲಕ್ಷಣವೇ? ಹೊನ್ನಾಳಿಯಲ್ಲಿ ತುಂಗಭದ್ರೆಗೆ ಬಾಗಿನ ಅರ್ಪಿಸುವ ಕೈಯೇ ರಾತ್ರಿ ಅವಳ ಒಡಲಿನ ಮರಳನ್ನು ಲಾರಿಗೆ ತುಂಬಿಸಿದರೆ ಆ ಬಾಗಿನವನ್ನು ಏನೆಂದು ಕರೆಯಬೇಕು? ಹೊನ್ನಾಳಿಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ನ್ಯಾಮತಿಯ ಸೂರಗೊಂಡನಕೊಪ್ಪಕ್ಕೆ ಸಂತ ಸೇವಾಲಾಲರ ಭಕ್ತರು ನಾಡಿನ ಎಲ್ಲೆಡೆಯಿಂದ ಬರುತ್ತಾರೆ. ಆದರೆ ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಗಳಿಗೆ ಗುಳೆ ಹೋಗುವವರಿಗೆ ಊರಿನಲ್ಲಿಯೇ ನ್ಯಾಯವಾದ ಕೂಲಿ ಕೊಡುವ ಹೊಲದೊಡೆಯರು ಎಷ್ಟು ಮಂದಿ? ಜಗಳೂರು ಬರದ ಸೀಮೆ. ಅಲ್ಲಿಯ 57 ಕೆರೆಗಳಿಗೆ ತುಂಗಭದ್ರೆಯ ನೀರನ್ನು ಹರಿಸುವ ಯೋಜನೆಗಾಗಿ ಜನರೂ ಮಠಗಳೂ ದನಿಯೆತ್ತಿದುದು ನಿಜವಾದ ಪೂಜೆ. ಆದರೆ ನೀರು ಬರುವುದಕ್ಕೆ ಮುನ್ನವೇ ಕೆರೆಯಂಗಳವನ್ನು ಒತ್ತುವರಿ ಮಾಡಿದವನು ಮೂರು ಹೊತ್ತು ಲಿಂಗಾರ್ಚನೆ ಮಾಡಿದರೇನು ಫಲ?

'ಸ್ವಾಮಿಗಳೇ, ಹೀಗೆ ಅವರ ಗ್ರಂಥವನ್ನು ಹೊಗಳಿದರೆ ನಮ್ಮವರು ಅತ್ತ ಹೋಗಲಾರರೇ?' ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಹೀಗಿದೆ. ಮನಸ್ಸು ಒಪ್ಪಿ ಹೋಗುವವನ ಸ್ವಾತಂತ್ರ್ಯವನ್ನು ಸಂವಿಧಾನವೇ ಮಾನ್ಯ ಮಾಡಿದೆ, ಅವನೊಡನೆ ನಮಗೆ ಜಗಳವಿಲ್ಲ. ಮೋಸದಿಂದ, ಆಮಿಷದಿಂದ ಕರೆಯುವವರು ತಮ್ಮ ಗ್ರಂಥಕ್ಕೇ ದ್ರೋಹ ಬಗೆಯುತ್ತಾರೆ. ಆದರೆ ಅಂಗಳದಲ್ಲಿ ಕುಳ್ಳಿರಿಸಿ ಬೇರೆ ಲೋಟದಲ್ಲಿ ನೀರು ಕೊಟ್ಟ ಮನೆಯನ್ನು ಬಿಟ್ಟು, ಚಾಪೆಯ ಮೇಲೆ ಜೊತೆಗೆ ಕುಳ್ಳಿರಿಸಿಕೊಂಡವರ ಬಳಿಗೆ ಒಬ್ಬ ಬಡವ ಹೋದರೆ, ಅವನನ್ನು ಕಳುಹಿಸಿದವರು ಯಾರು? ಆ ಊರಿನ ಪ್ರಾರ್ಥನಾ ಮನೆಯ ಮುಂದೆ ಗದ್ದಲ ಮಾಡಲು ಮಠದ ಆಶೀರ್ವಾದ ಕೇಳಿಕೊಂಡು ಯಾರೂ ಬರಬೇಡಿ. ಆ ಉತ್ಸಾಹವನ್ನು ನಿಮ್ಮ ಜಗಲಿಯ ಎರಡನೆಯ ಲೋಟವನ್ನು ಒಡೆಯಲು ಬಳಸಿರಿ.

ಎರಡು ಧರ್ಮಗಳೂ ಒಂದೇ ಎಂಬ ಸಡಿಲ ಮಾತನ್ನೂ ನಾವು ಆಡುತ್ತಿಲ್ಲ. ಕ್ರೈಸ್ತರಿಗೆ ಪರಿಶುದ್ಧನು ದೇವರೊಬ್ಬನೇ. ಮನುಷ್ಯನು ಪಾಪಿ, ಅವನ ಪವಿತ್ರತೆ ಕ್ರಿಸ್ತನ ಮೂಲಕ ಬಂದ ಕೃಪೆ. ಸೃಷ್ಟಿಕರ್ತನಿಗೂ ಸೃಷ್ಟಿಗೂ ಇರುವ ಅಂತರ ಎಂದಿಗೂ ಅಳಿಯದು. ನಮ್ಮಲ್ಲಿ ಗುರುವು ದೀಕ್ಷೆಯಿಂದ ಮಲತ್ರಯವನ್ನು ಕಳೆದು, ಒಳಗಿರುವ ಚೈತನ್ಯವನ್ನೇ ಇಷ್ಟಲಿಂಗವಾಗಿ ಅಂಗೈಗೆ ಕೊಡುತ್ತಾನೆ. ಷಟ್‌ಸ್ಥಲದ ಮೆಟ್ಟಿಲೇರಿ ಅಂಗವು ಲಿಂಗದಲ್ಲಿ ಸಮರಸವಾಗುವುದೇ ಗುರಿ. ದಾರಿಗಳು ಬೇರೆ. ಆದರೆ ಎರಡೂ ದಾರಿಗಳು ಒಂದು ಕಡೆಯಲ್ಲಿ ಒಂದೇ ಸುಂಕದ ಕಟ್ಟೆಯನ್ನು ದಾಟಬೇಕು. ಪಕ್ಕದ ಮನುಷ್ಯನೊಡನೆ ನೀನು ಹೇಗೆ ನಡೆದುಕೊಂಡೆ ಎಂಬ ಪ್ರಶ್ನೆಯೇ ಆ ಕಟ್ಟೆ. ಬಲಿಪೀಠಕ್ಕೆ ಕಾಣಿಕೆ ತಂದಾಗ ಸೋದರನ ಮನಸ್ಸನ್ನು ನೋಯಿಸಿದ ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೊಂಡು ಬಾ ಎಂದು ಯೇಸು ವಿಧಿಸಿದ. ಪ್ರಾಮಾಣಿಕ ದುಡಿಮೆಯ ಸದಾಚಾರ, ಲಿಂಗಧಾರಿಗಳಲ್ಲಿ ಭೇದವೆಣಿಸದ ಶಿವಾಚಾರ ಇವೆರಡೂ ಇಲ್ಲದ ಲಿಂಗಾಚಾರ ನಿಲ್ಲದೆಂದು ನಮ್ಮ ಪಂಚಾಚಾರಗಳು ವಿಧಿಸಿದವು.

ಆದುದರಿಂದ ಓದುಗರೇ, ನಾಳೆ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿ ಇರಿಸಿಕೊಳ್ಳುವ ಮುನ್ನ ಮೂರು ಲೆಕ್ಕಗಳನ್ನು ನೋಡಿಕೊಳ್ಳಿರಿ. ನಿನ್ನೆಯ ಕೂಲಿ ಸಂದಾಯವಾಗಿದೆಯೇ? ತಕ್ಕಡಿ ನೆಟ್ಟಗಿದೆಯೇ? ನಿಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಲೋಟವಿದೆಯೇ? ಇವು ತೀರದಿದ್ದರೆ ಕ್ರೈಸ್ತರ ನೀರೂ ನಿಮ್ಮನ್ನು ತೊಳೆಯದು, ನಮ್ಮ ವಿಭೂತಿಯೂ ನಿಮ್ಮನ್ನು ಮುಚ್ಚದು. ತೀರಿದ್ದರೆ ನಿಮ್ಮ ಅಂಗೈ ಆಗಲೇ ಮಡಿಯಾಗಿದೆ, ಪೂಜೆಗೆ ಕುಳಿತುಕೊಳ್ಳಿರಿ.